ಇಲಿಮನೆಯ ಬಾಣಂತಿಯರು

ಬಸವನ ಬಾಗೇವಾಡಿ

ವಿಲಾಯತಿಗೆ ಹೋಗಿ ಬಂದವರನ್ನು ನಮ್ಮೂರಲ್ಲಿ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ರಾಣಿಯ ಅರಮನೆ ನೋಡಿದಿರೇನು? ನಾವು ನೋಡಲಿಲ್ಲ. ನಾನೂ ನನ್ನ ಹೆಂಡತಿ ನೀಲವ್ವನೂ ಅಲ್ಲಿ ಬಹಳ ಹೊತ್ತು ಕಳೆದದ್ದು ಇಲಿಗಳ ಮನೆಯಲ್ಲಿ. ಹೀಗೆಂದ ಕೂಡಲೇ ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ಚಹಾ ಮುಗಿಸಿ ಎದ್ದುಬಿಡುತ್ತಾರೆ. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಎದ್ದು ಹೋದರೂ ನನಗೆ ಕಾಣುವುದಿಲ್ಲವಲ್ಲ.

ನಾನು ಮಸೂತಿಯ ಶಾಲೆಯಲ್ಲಿ ಹೆಡ್ ಮಾಸ್ತರನಾಗಿದ್ದು ನಿವೃತ್ತನಾದವನು. ನಮಗೆ ಒಬ್ಬಳೇ ಮಗಳು, ಗೌರಿ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಸ್ಕಾಲರ್‌ಶಿಪ್ಪಿನ ಮೇಲೆ ಸ್ಕಾಟ್ಲೆಂಡಿಗೆ ಹೋಗಿ, ಅಲ್ಲಿ ಇಲಿಗಳ ವಂಶಗುಣಗಳನ್ನು ಅಭ್ಯಾಸ ಮಾಡುತ್ತಿದ್ದಳು. ಅಳಿಯಂದಿರೂ ಅದೇ ದೇಶದಲ್ಲಿ ಬೇರೊಂದು ಊರಿನ ಕಾರ್ಖಾನೆಯಲ್ಲಿ ಎಂಜಿನಿಯರು. ಶನಿವಾರ ಬಂದು ಸೋಮವಾರ ಹೋಗುವವರು. ಗೌರಿ ಬಸುರಿ ಎಂದು ಪತ್ರ ಬಂದಾಗ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನೀಲವ್ವ ಹಠ ಹಿಡಿದಳು. ಇಲಿಗಳನ್ನು ನಡುವೆ ಬಿಟ್ಟು ಬರಲಾಗದೆಂದು ಗೌರಿ ಅಲ್ಲಿಂದ ಹಠ ಹಿಡಿದಳು.

"ಆಕಿ ತವರಿಗೆ ಬರೂದಿಲ್ಲಂದ್ರ ತವರನ್ನ ಆಕಿ ಕಡೆ ಒಯ್ಯೂಣು, ನಡೀರಿ," ಎಂದಳು ನೀಲವ್ವ.

ಒಯ್ದಳು ಕೂಡ. ಅಂಟಿನ ಉಂಡಿ, ಬಾಣಂತಿ ಪಾಯಸಕ್ಕೆ ಅಳವಿ, ಕೆಂಪು ಖಾರ, ಕಟಕ ರೊಟ್ಟಿಯ ದೊಡ್ಡ ಗಂಟು, ಹುಟ್ಟುವ ಕೂಸಿನ ತಲೆಗೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ, ಕೌದಿ ಹೊಲಿಯಲು ಹಳೆಯ ಸೀರೆಯ ತುಂಡುಗಳು, ಮತ್ತು ಎಲ್ಲಕ್ಕೂ ಮೇಲೆ ಬಿಳಿ ವಸ್ತ್ರದಲ್ಲಿ ಸುತ್ತಿದ ವಿಭೂತಿ ಗಟ್ಟಿ. ವಿಜಾಪುರದ ಸ್ಟೇಶನ್ನಿನಲ್ಲಿ ಟ್ರಂಕು ಎತ್ತಿದ ಹಮಾಲ, "ಒಳಗ ಬೀಸೂಕಲ್ಲು ಇಟ್ಟೀರೇನ್ರಿ ಮಾಸ್ತರ?" ಎಂದು ಕೇಳಿದ. ಬೀಸುಕಲ್ಲು ಬೇಡವೆಂದು ನಾನು ಹಿಂದಿನ ದಿನ ತಾನೇ ಜಗಳಾಡಿ ಗೆದ್ದಿದ್ದೆ.

ವಿಮಾನ

ವಿಮಾನದಲ್ಲಿ ಜನ ಬಹಳ ಮೆಲ್ಲಗೆ ಮಾತಾಡುತ್ತಾರೆ. ಮಗು ಅತ್ತರೂ ತಾಯಿ ಸುತ್ತಲಿನವರ ಕ್ಷಮೆ ಕೇಳುತ್ತಾಳೆ. ಅಂಥ ನಿಶ್ಶಬ್ದದಲ್ಲಿ ನೀಲವ್ವ ಗಂಟು ಬಿಚ್ಚಿ ಕಟಕ ರೊಟ್ಟಿ ಮುರಿದಳು. ಆ ಸಪ್ಪಳಕ್ಕೆ ಮುಂದಿನ ಸಾಲಿನ ದೊರೆ ಬೆಚ್ಚಿ ಕಿಟಕಿಯಾಚೆಗಿನ ರೆಕ್ಕೆಯನ್ನೇ ನೋಡತೊಡಗಿದ. ನೀಲವ್ವ ಎರಡನೆಯ ತುಂಡು ಮುರಿದಾಗ ಗಗನಸಖಿ ಓಡಿ ಬಂದಳು. ಅವಳ ಕೈಗೂ ಒಂದು ತುಂಡು, ಮೇಲೆ ಶೇಂಗಾ ಚಟ್ನಿ. ಆಕೆ ತಿಂದು, ಕಣ್ಣೀರು ಒರೆಸಿಕೊಂಡು, ನಕ್ಕು, ನೀರು ಹುಡುಕಿಕೊಂಡು ಹೋದಳು.

"ಪಾಪ, ಒಳ್ಳೇ ಹುಡುಗಿ. ಎಲ್ಲಿಯಾಕಿನೋ ಏನೋ, ಊಟ ಮಾಡಿದ್ದಿಲ್ಲ ಕಾಣಸ್ತೈತಿ," ಎಂದಳು ನೀಲವ್ವ.

ಸುಂಕದ ಕಟ್ಟೆ

ಲಂಡನ್ನಿನಲ್ಲಿ ಇಳಿದಾಗ ಟ್ರಂಕು ಬಿಚ್ಚಿಸಿದರು. ಅಧಿಕಾರಿ ಉಂಡಿಗಳನ್ನು ಬಿಟ್ಟ, ಖಾರಪುಡಿಗೆ ಸೀನಿ ಬಿಟ್ಟ, ವಿಭೂತಿ ಗಟ್ಟಿಯ ಬಳಿ ನಿಂತುಬಿಟ್ಟ. ಉಗುರಿನಿಂದ ಕೆರೆದ, ಮೂಸಿದ. ಇದೇನೆಂದು ಕೇಳಿದ. ನನ್ನ ಹೆಡ್ ಮಾಸ್ತರ್ ಇಂಗ್ಲಿಷಿನಲ್ಲಿ, ಇದು ಪವಿತ್ರವಾದ ಬೂದಿ ಎಂದೆ.

"ಯಾರದು?" ಎಂದು ಆತ ದನಿ ತಗ್ಗಿಸಿ ಕೇಳಿದ.

ಮೊದಲು ನನಗೆ ತಿಳಿಯಲಿಲ್ಲ. ತಿಳಿದಾಗ, ಮನುಷ್ಯರದಲ್ಲ ಮಾರಾಯಾ, ಆಕಳ ಸಗಣಿಯದು ಎಂದು ಬಿಡಿಸಿ ಹೇಳಿದೆ. ಆತ ಗಟ್ಟಿಯನ್ನು ಎರಡೇ ಬೆರಳಲ್ಲಿ ಎತ್ತಿ ಟ್ರಂಕಿನೊಳಗೆ ಇಳಿಸಿದ. ಅಷ್ಟರಲ್ಲಿ ಬೆವರಿದ್ದನಾಗಿ ಅದೇ ಬೆರಳಿನಿಂದ ಹಣೆ ಒರೆಸಿಕೊಂಡ. ನಾವು ಹೊರಬಿದ್ದು ತಿರುಗಿ ನೋಡಿದಾಗ, ಹಣೆಯ ಮೇಲೆ ಅಡ್ಡ ಪಟ್ಟೆ ಇಟ್ಟುಕೊಂಡು ನಮ್ಮ ಮಠದ ಅಯ್ಯನವರ ಗಾಂಭೀರ್ಯದಲ್ಲಿ ಮುಂದಿನವರ ಪೆಟ್ಟಿಗೆ ತಪಾಸಣೆ ಮಾಡುತ್ತಿದ್ದ.

"ತೊಯ್ದ ಬೆರಳು ತಾಕಿದ್ರ ಅದು ಬಿಡೂದಿಲ್ಲ, ಛಲೋ ಗಟ್ಟಿ," ಎಂದು ನೀಲವ್ವ ಮೆಚ್ಚಿಕೊಂಡಳು.

ಗೌರಿಯ ಊರು

ಊರಿನ ಹೆಸರು ಬೇಡ, ಇಲಿಮನೆಯವರು ಮುಜುಗರಪಟ್ಟಾರು. ಕಲ್ಲಿನ ಮನೆಗಳು, ಸದಾ ಗಾಳಿ, ಬಿಸಿಲು ಬಂದರೆ ಮಂದಿ ಒಬ್ಬರಿಗೊಬ್ಬರು ಶುಭಾಶಯ ಹೇಳುವಂಥ ಊರು. ನಮ್ಮ ಸಿಂದಗಿ ಬಸ್ಸಿನಲ್ಲಾದರೆ ಕೂತು ಅರ್ಧ ಮೈಲಿ ಹೋಗುವುದರೊಳಗೆ ಪಕ್ಕದವರ ಊರು, ಹೊಲ, ಬೀಗತನ ಎಲ್ಲ ತಿಳಿದಿರುತ್ತದೆ. ಇಲ್ಲಿ ಒಂದೇ ಸೀಟಿನಲ್ಲಿ ದಿನಾ ಕೂರುವವರೂ ಹೆಸರು ಕೇಳುವುದಿಲ್ಲ. ನೀಲವ್ವ ಪಕ್ಕದ ಮುದುಕಿಗೆ ಕೈಸನ್ನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದಳು. ಮುದುಕಿ ಎದ್ದು ಬೇರೆ ಸೀಟಿಗೆ ಹೋದಳು. ಮರುವಾರ ಅದೇ ಮುದುಕಿ ತಾನಾಗಿ ಬಂದು ಕೂತು, ಚೀಲದಿಂದ ಮೊಮ್ಮಕ್ಕಳ ಫೋಟೋ ತೆಗೆದಳು. ವಾರವಿಡೀ ಯೋಚಿಸಿರಬೇಕು.

ಗೌರಿಗೆ ಆಗಲೇ ದಿನ ಹತ್ತಿರವಾಗಿತ್ತು. ಮುಖ ಕಳೆಗುಂದಿತ್ತು. ತಾಯಿ ಮಾಡಿದ ಸಜ್ಜಕ ಉಣ್ಣುತ್ತ ನಗುತ್ತಿದ್ದಳು, ಆದರೆ ನಗು ಬಾಯಿಯಲ್ಲೇ ನಿಲ್ಲುತ್ತಿತ್ತು. ಒಂದು ಸಂಜೆ ಹೊಳೆಯ ದಂಡೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು, ತಾನು ಮಾಡುವ ಕೆಲಸ ಏನೆಂದು ಹೇಳಿದಳು.

"ಅಪ್ಪಾ, ಮರಿ ಇನ್ನೂ ತಾಯಿ ಇಲಿ ಹೊಟ್ಟಿಯೊಳಗ ಕಾಳಿನಷ್ಟ ಇದ್ದಾಗ ತಾಯಿಗೆ ಒಂದು ಕೆಮಿಕಲ್ ಕೊಡ್ತೇವಿ. ಮುಂದ ಕೂದಲಿಗೆ ಬಣ್ಣಾ ಕೊಡೂ ಕಣ ಆಗ ಸ್ವಲ್ಪೇ ಇರ್ತಾವ. ಅದರಾಗಿನ ಒಂದರ ಡಿಎನ್‌ಎಗೆ ಪೆಟ್ಟು ಬಿತ್ತಂದ್ರ, ಅದರಿಂದ ಹುಟ್ಟೂ ಎಲ್ಲಾ ಕಣಕ್ಕೂ ಆ ಪೆಟ್ಟು ದಾಟ್ತೈತಿ. ಮರಿಗೆ ಕೂದಲಾ ಬಂದ ಮ್ಯಾಲ ಕರೀ ಮೈಮ್ಯಾಲ ಕಂದು ಬಣ್ಣದ್ದೋ ಬೂದು ಬಣ್ಣದ್ದೋ ಮಚ್ಚಿ ಕಾಣ್ತೈತಿ."

"ಕೂರಿಗಿ ಬಟ್ಟಲದಾಗ ಎಲ್ಲಾ ಬೀಜ ಛಲೋ ಇದ್ದು, ಒಂದು ಕೊಳವಿ ಕಟ್ಟಿಕೊಂಡಂಗ," ಎಂದೆ. "ಬಿತ್ತೂವಾಗ ಗೊತ್ತಾಗೂದಿಲ್ಲ. ಮೊಳಕಿ ಬಂದ ಮ್ಯಾಲ ಹೊಲದ ತುಂಬ ಒಂದ ಸಾಲು ಬೋಳು."

"ಹೌದ್ರಿ. ಹಂಗ. ಅದೇ ಪೆಟ್ಟು ದೊಡ್ಡವರ ಮೈಯಾಗ ಬಿದ್ರ ಮುಂದ ಕ್ಯಾನ್ಸರ್ ಆಗಬಹುದು. ಅದಕ್ಕ ಯಾವ ಕೆಮಿಕಲ್ ಪೆಟ್ಟು ಹಾಕ್ತೈತಿ, ಯಾವುದು ಹಾಕೂದಿಲ್ಲ ಅಂತ ಇಲಿ ಮೈಮ್ಯಾಲ ಓದ್ತೇವಿ. ಇನ್ನೊಂದು ಗುಂಪಿನ ತಾಯಿಗೋಳಿಗೆ ಬರೇ ಉಪ್ಪುನೀರು. ಎರಡೂ ಗುಂಪಿನ ಮರಿ ಹೋಲಿಸಿ ನೋಡೂದು."

ಈಗ ಅವಳು ನೋಡುತ್ತಿದ್ದದ್ದು ಬಟ್ಟೆಯ ಬಣ್ಣಕ್ಕೆ ಬಳಸುವ ಒಂದು ವಸ್ತು. ಅದನ್ನೂ ಹೇಳಿದಳು. ಆಮೇಲೆ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು, ಶಾಲೆಯಲ್ಲಿ ಹುಡುಗರು ಛಡಿ ಏಟಿಗೆ ಚಾಚುವ ಹಾಗೆ.

"ಅದು ನನ್ನ ಕೈಮ್ಯಾಲ ಚೆಲ್ಲಿತ್ರಿ ಅಪ್ಪಾ. ಆಗ ನನಗ ನಾ ಬಸುರಿ ಅಂತ ಗೊತ್ತಿದ್ದಿಲ್ಲ. ತೊಳಕೊಂಡೆ, ಡಾಕ್ಟರಿಗೂ ಹೇಳಿದೆ. ಅವರು ಏನೂ ಆಗೂದಿಲ್ಲ ಅಂತಾರ. ಆದ್ರ ಖಾತ್ರಿ ಅವರಿಗೂ ಇಲ್ಲ. ಖಾತ್ರಿ ಏನರ ಬಂದ್ರ ಆ ಇಲಿಗೋಳ ಕಡೆಯಿಂದನ ಬರಬೇಕು. ಕೂಸು ಹುಟ್ಟೂದರೊಳಗ ನನಗ ಉತ್ತರ ಬೇಕು. ಅವ್ವಗ ಹೇಳಬ್ಯಾಡ್ರಿ."

ಅವಳು ಹೆರಿಗೆಗೆ ಊರಿಗೆ ಬರದೆ ಯಾಕೆ ಉಳಿದಳೆಂದು ನನಗೆ ಆಗ ತಿಳಿಯಿತು. ಆ ಹೊತ್ತು ನನಗೆ ಬಹಳ ಭಯವಾಯಿತು. ಅವಳ ಕೈ ಹಿಡಿದುಕೊಂಡು ಕೂತೆ.

ನೀಲವ್ವನಿಗೆ ನಾನು ಹೇಳಲಿಲ್ಲ. ಆದರೆ ಹೇಳದೆ ಇರುವ ವಿದ್ಯೆ ನನಗೆ ಬರುವುದಿಲ್ಲ. ಆಕೆ ನನ್ನ ಮುಖ ನೋಡಿ, "ಏನೋ ಐತಿ. ಹೇಳಬ್ಯಾಡ್ರಿ. ನಾ ಆಕಿ ಜೋಡಿ ದಿನಾ ಇಲಿಮನಿಗೆ ಹೋಗ್ತೇನಿ," ಎಂದಳು.

ಇಲಿಮನೆ

ಸಂಸ್ಥೆಯ ಹಿಂದೆ ಉದ್ದನೆಯ ಇಟ್ಟಿಗೆಯ ಕಟ್ಟಡ. ಹೊರಗಿನ ಬೂಟು ಬಾಗಿಲಲ್ಲೇ ಬಿಟ್ಟು ಒಳಗಿನ ಚಪ್ಪಲಿ ಮೆಟ್ಟಬೇಕು, ಕೈ ತೊಳೆಯಬೇಕು, ಸೀರೆಯ ಮೇಲೆ ಬಿಳಿ ನಿಲುವಂಗಿ ತೊಡಬೇಕು. ನೀಲವ್ವನಿಗೆ ಮಹಾ ಸಮಾಧಾನವಾಯಿತು.

"ನೋಡ್ರಿ, ಮಲಗೂ ಖೋಲಿಗೆ ಬೂಟ್ ಹಾಕ್ಕೊಂಡು ಹೋಗ್ತಾರ. ಇಲಿ ಮನಿಗೆ ಬರೂವಾಗ ಇವರಿಗೆ ಶಾಣ್ಯಾತನ ಬರ್ತೈತಿ!"

ನಮ್ಮಲ್ಲಿ ಹಗೇವಿನ ಜೋಳಕ್ಕೆ ಇಲಿ ಬಿದ್ದರೆ ಮನೆಮಂದಿಯೆಲ್ಲ ಬಡಿಗೆ ಹಿಡಿದು ನಿಲ್ಲುತ್ತೇವೆ. ಇಲ್ಲಿ ಅವಕ್ಕೆ ಬೆಚ್ಚನೆಯ ಕೋಣೆ, ಕಟ್ಟಿಗೆಯ ಹೊಟ್ಟಿನ ಹಾಸಿಗೆ, ಮೇಲೆ ರೇಡಿಯೋ. ಒಮ್ಮೆಲೇ ಸಪ್ಪಳವಾದರೆ ಬೆಚ್ಚಬಾರದೆಂದು ದಿನವಿಡೀ ಸಣ್ಣಗೆ ಹಾಡು ಹಾಕಿರುತ್ತಾರೆ. ಪಿಟೀಲು ಕೇಳುತ್ತ ಮರಿಗೆ ಹಾಲೂಡಿಸುವ ಇಲಿಯನ್ನು ನಾನು ಈ ಜನ್ಮದಲ್ಲಿ ನೋಡುತ್ತೇನೆಂದು ಎಣಿಸಿರಲಿಲ್ಲ.

ಅಲ್ಲಿನ ಯಜಮಾನಿ ಮೆಗ್ ಎಂಬ ನರೆಗೂದಲಿನ ದಪ್ಪ ಹೆಂಗಸು. ನೀಲವ್ವನ ಬಾಯಲ್ಲಿ ಮೊದಲ ದಿನವೇ ಮೆಗ್ ಬಾಯಿ ಆದಳು. ಹೊಸದಾಗಿ ಈದ ಇಲಿಯ ಪಂಜರದ ಹತ್ತಿರ ಕೆಲವು ದಿನ ಪರಕೀಯರು ಹೋಗಕೂಡದು, ತಾಯಿ ಗಾಬರಿಯಾಗುತ್ತದೆ ಎಂದು ಆಕೆ ತುಟಿಯ ಮೇಲೆ ಬೆರಳಿಟ್ಟು ತಿಳಿಸಿದಾಗ ನೀಲವ್ವ ಕುಣಿದಾಡಿದಳು.

"ನಮ್ಮಲ್ಲೂ ಹಂಗ! ಬಾಣಂತಿ ಖೋಲಿಗೆ ಹೊರಗಿನವರು ಬರಾಂಗಿಲ್ಲ. ಏನ್ರಿ, ಇಷ್ಟ ಮಂದಿ ಬಾಣಂತೇರು ಒಂದ ಮನ್ಯಾಗ! ಈ ಮೆಗ್ ಬಾಯಿಗೆ ಪುಣ್ಯಾ ಬರ್ತೈತಿ."

ಬಾಣಂತಿಯರಿಗೆ ಒಂದೊಂದು ಚೂರು ಅಂಟಿನ ಉಂಡಿ ಹಾಕಲು ಹೊರಟವಳನ್ನು ಗೌರಿ ಬಾಗಿಲಲ್ಲೇ ತಡೆದಳು. ಇವಕ್ಕೆ ಅಳತೆಯ ಆಹಾರವೇ ಆಗಬೇಕಂತೆ. ಆ ಉಂಡಿಗಳನ್ನು ಮೆಗ್ ಬಾಯಿ ತಿಂದಳು. ಮುಂದೆ ದಿನಾ ಮಧ್ಯಾಹ್ನ ಇವರಿಬ್ಬರೂ ಪಂಜರಗಳ ನಡುವಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಮೆಗ್ ಬಾಯಿ ಉಣ್ಣೆ ಹೆಣೆಯುವಳು, ನೀಲವ್ವ ಕೌದಿ ಹೊಲಿಯುವಳು. ಒಬ್ಬಳು ಇಂಗ್ಲಿಷಿನಲ್ಲಿ, ಒಬ್ಬಳು ತನ್ನ ತವರು ತಾಳಿಕೋಟೆಯ ಕನ್ನಡದಲ್ಲಿ ಬಿಡುವಿಲ್ಲದೆ ಮಾತಾಡುವರು. ನಡುವೆ ಅನುವಾದಕ್ಕೆಂದು ಹೋದ ನನ್ನನ್ನು ಇಬ್ಬರೂ ಅಡ್ಡಿ ಎಂದು ಬಗೆದು ಹೊರಗೆ ಕಳಿಸಿದರು.

ಬೂದು ಮಚ್ಚೆ

ಮಚ್ಚೆಗಳ ಎಣಿಕೆ ಮುಗಿಯಲು ಕೆಲವೇ ಮರಿಗಳು ಉಳಿದಿದ್ದವು. ಅಂದು ಊಟದ ನಂತರ ಗೌರಿ ಉಪ್ಪುನೀರಿನ ಗುಂಪಿನ ಒಂದು ಪಂಜರ ಎತ್ತಿ ನೋಡಿದವಳು ಕಲ್ಲಿನಂತೆ ನಿಂತಳು. ಮರಿಗಳಲ್ಲೆಲ್ಲ ದುಂಡಗಿದ್ದ ಒಂದರ ನೆತ್ತಿಯ ಮೇಲೆ, ಕರಿ ಕೂದಲಿನ ನಡುವೆ, ಸ್ಪಷ್ಟವಾಗಿ ಬೂದು ಬಣ್ಣದ ಮಚ್ಚೆ.

"ಅಪ್ಪಾ, ಏನೂ ಕೊಡದ ಗುಂಪಿನಾಗ ಮಚ್ಚಿ," ಎಂದಳು. "ಮುಂಜಾನಿ ಇದ್ದಿಲ್ಲ. ನಾನ ಕಂಡಿಲ್ಲೇನೋ. ಹಿಂದಿನವನ್ನೂ ಹಿಂಗ ಬಿಟ್ಟಿದ್ರ? ಎಲ್ಲಾ ಮೊದಲಿಂದ ಮಾಡಬೇಕು. ಅಷ್ಟರಾಗ ಕೂಸು..."

ಮಾತು ಮುಗಿಸದೆ, ಮಚ್ಚೆಯಿಂದ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನಿಜವಾದ ಮಚ್ಚೆಯಾದರೆ ಕೂದಲಿನ ಒಳಗಿನ ಬಣ್ಣವೇ ಬೇರೆಯಾಗಿರುತ್ತದಂತೆ. ಬಹಳ ಹೊತ್ತು ನೋಡಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಅಳುವೋ ನಗುವೋ ಹೇಳಲಾಗದಂಥದ್ದು ಇತ್ತು.

"ಕೂದಲಾ ಒಳಗ ಕರ್ರಗ ಐತ್ರಿ. ಮ್ಯಾಲ ಏನೋ ಪುಡಿ ಮೆತ್ತೈತಿ." ಆಮೇಲೆ ಮರಿಯ ತಲೆಯನ್ನು ಮೂಸಿ ನೋಡಿದಳು. "ಅವ್ವಾ!"

ಬೆಂಚಿನ ಮೇಲಿದ್ದ ನೀಲವ್ವ ಸೂಜಿ ಕೆಳಗಿಡಲಿಲ್ಲ. "ಏನು? ಈ ಮೆಗ್ ಬಾಯಿ ಮುಂಜಾನಿಂದ ಅದನ್ನ ಎತ್ತಿ ಎತ್ತಿ ಎಷ್ಟ ಛಂದ, ಎಷ್ಟ ಛಂದ ಅಂತಾಳ. ದೃಷ್ಟಿ ಆಗೂದಿಲ್ಲೇನು? ಅದಕ್ಕ ಸೆರಗಿನ ಗಂಟಿನಾಗಿಂದ ಒಂದು ಬೊಟ್ಟು ಇಟ್ಟೆ."

"ವಿಭೂತಿನಾ?"

"ಮತ್ತ? ಕಾಡಿಗಿ ಹಚ್ಚಬೇಕಂದ್ರ ಮೈಯೆಲ್ಲಾ ಕರೀದು. ಕರೀ ಮೈಮ್ಯಾಲ ಕರೀ ಬೊಟ್ಟು ಯಾರಿಗೆ ಕಾಣ್ತೈತಿ? ದೃಷ್ಟಿಗೆ ಕಾಣಬೇಕಲ್ಲ."

ಈ ತರ್ಕದಲ್ಲಿ ದೋಷ ಹುಡುಕಲು ಶಾಸ್ತ್ರ ಓದಿದ ಮಗಳಿಗೂ ಆಗಲಿಲ್ಲ. ಅವಳು ಸಿಟ್ಟಿನಿಂದ ಕಿರುಚಿದಳು, ನಕ್ಕಳು, ಆಮೇಲೆ ತಾಯಿಯ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತು, ಕೈಮೇಲೆ ಚೆಲ್ಲಿದ್ದನ್ನೂ ಹೊತ್ತುಕೊಂಡಿದ್ದ ಹೆದರಿಕೆಯನ್ನೂ ಹೇಳಿಬಿಟ್ಟಳು. ಏನಾಯಿತೆಂದು ತಿಳಿಯದೆಯೇ ಮೆಗ್ ಬಾಯಿಯೂ ಅತ್ತಳು. ಮರಿಯನ್ನು ಮಾತ್ರ ಒದ್ದೆ ಹತ್ತಿಯಲ್ಲಿ ಒರೆಸಿ ಸ್ವಚ್ಛ ಮಾಡಲಾಯಿತು, ಅದು ಅಳಲಿಲ್ಲ.

ಸಂಜೆ ನೀಲವ್ವ ದೇವರ ಮುಂದಿನ ಗಟ್ಟಿಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟಳು. "ಒಯ್ದು ಕೀಲಿ ಹಾಕಿ ಇಡು. ಮನ್ಯಾಗ ಇದ್ರ ನನ್ನ ಕೈ ತಡೀಯೂದಿಲ್ಲ. ನಿನ್ನ ಎಣಿಕಿ ಮುಗೀಲಿ, ಆಮ್ಯಾಲ ಕೊಡು." ಮರುದಿನದಿಂದ ನಾವಿಬ್ಬರೂ ಬರಿಹಣೆಯಲ್ಲೇ ಪೂಜೆ ಮಾಡಿದೆವು. ಬಾಗೇವಾಡಿಯಲ್ಲಿ ಹಾಗೆ ಮಾಡುವವರನ್ನು ಕಂಡರೆ ಇದೇ ನೀಲವ್ವ ಬಾಯಿ ಮುಚ್ಚಿಕೊಂಡು ಇರುವವಳಲ್ಲ.

ಆಸ್ಪತ್ರೆ

ಕೂಸಿಗೆ ಎಣಿಕೆ ಮುಗಿಯುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಲೆಕ್ಕ ಹಾಕಿದ ದಿನಕ್ಕಿಂತ ಮೊದಲೇ, ಒಂದು ಬೆಳಿಗ್ಗೆ ಹೆಣ್ಣಾಗಿ ಹುಟ್ಟಿತು. ಅಳಿಯಂದಿರು ರೈಲಿನಲ್ಲಿ ಇನ್ನೂ ದಾರಿಯಲ್ಲಿದ್ದರು. ನಾವು ಒಳಗೆ ಹೋದಾಗ ನರ್ಸು ಕೂಸನ್ನು ಒರೆಸುತ್ತಿದ್ದವಳು ತಟಕ್ಕನೆ ನಿಂತು ಇನ್ನೊಬ್ಬಳನ್ನು ಕರೆದಳು. ಇಬ್ಬರೂ ಕೂಸಿನ ಬೆನ್ನ ಕೆಳಗೆ ನೋಡಿ ಪಿಸುಗುಟ್ಟಿದರು. ಅಲ್ಲಿ ಅಂಗೈ ಅಗಲದ ನೀಲಿ ಬೂದು ಬಣ್ಣದ ಮಚ್ಚೆ.

ಗೌರಿ ಎದ್ದು ಕೂತಳು. "ಅಪ್ಪಾ, ಮಚ್ಚಿ," ಎಂದಳು ಅಷ್ಟೇ.

ನನಗೆ ನಗು ಬಂತು. ಅಂಥ ಹೊತ್ತಿನಲ್ಲಿ ನಗುವ ಅಜ್ಜನನ್ನು ನರ್ಸುಗಳು ಹಿಂದೆಂದೂ ಕಂಡಿರಲಿಕ್ಕಿಲ್ಲ.

"ಹುಚ್ಚಿ, ತಾಳಿಕೋಟ್ಯಾಗ ನೀ ಹುಟ್ಟಿದಾಗ ನಿನಗೂ ಹಿಂಗ ಇತ್ತು. ಸೂಲಗಿತ್ತಿ ನಿನ್ನ ಕೆಳಗ ಒಗದಾಳ ಅಂತ ತಿಳಕೊಂಡು ನಾ ಆಕಿ ಜೋಡಿ ಜಗಳಾ ತಗದಿದ್ದೆ. ನಿಮ್ಮವ್ವನ ಅವ್ವ ಏನ್ ಮಾಡಿದಳು ಗೊತ್ತೇನು? ಓಣ್ಯಾಗಿನ ಕೂಸುಗಳನ್ನೆಲ್ಲಾ ಕರಸಿ, ಪಡಸಾಲ್ಯಾಗ ಸಾಲಾಗಿ ಬೋರಲಾ ಹಾಕಿ, ಅಂಗಿ ಎತ್ತಿಸಿ ತೋರಿಸಿದಳು. ನೋಡ್ರಿ ಅಳಿಯಂದಿರ, ಕಣ್ತುಂಬ ನೋಡ್ರಿ ಅಂತ. ಎಲ್ಲಾರ ಕುಂಡಿನೂ ನೀಲಿ!"

"ಖರೇನ. ಸೂಲಗಿತ್ತಿಗೆ ಸೀರಿ ಕೊಟ್ಟು ಸಮಾಧಾನ ಮಾಡಬೇಕಾತು," ಎಂದಳು ನೀಲವ್ವ. "ಓಡ್ಯಾಡೂ ಹೊತ್ತಿಗೆ ತಾನ ಮಾಯಾಕ್ಕೈತಿ."

ಮಕ್ಕಳ ಡಾಕ್ಟರರೂ ಬಂದರು. ನಮ್ಮ ಕಡೆಯ ಕೂಸುಗಳಲ್ಲಿ ಇದು ಸಹಜ, ಇದಕ್ಕೂ ಯಾವ ಪೆಟ್ಟಿಗೂ ಸಂಬಂಧವಿಲ್ಲ ಎಂದರು. ನರ್ಸುಗಳು ನಿರಾಳರಾದರು. ಗೌರಿ ಆಗಲಿಲ್ಲ.

"ಈ ಮಚ್ಚಿ ಬಿಡ್ರಿ, ತಿಳೀತು," ಎಂದಳು ಎಡಗೈಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು. "ಕಾಣಲಾರದ್ದು ಒಳಗ ಇದ್ರ?"

ಆಗ ನರ್ಸು ಕೂಸಿನ ಕೆನ್ನೆ ಮುಟ್ಟಿ, ಎಂಥ ಚೆಲುವೆ, ಎಂಥ ಚೆಲುವೆ ಎಂದು ಎರಡೆರಡು ಸಲ ಹೇಳಿದಳು. ನೀಲವ್ವನ ಬೆರಳು ತಾನಾಗಿ ಸೆರಗಿನ ವಿಭೂತಿ ಗಂಟಿನತ್ತ ಹೋಗಿ, ಖಾಲಿ ಇದೆಯೆಂದು ನೆನಪಾಗಿ, ಹಿಂದೆ ಬಂತು. ನನಗೆ ತಡೆಯಲಾಗಲಿಲ್ಲ, ಕೋಟು ಹಾಕಿಕೊಂಡು ಇಲಿಮನೆಗೆ ನಡೆದೆ.

ಮೆಗ್ ಬಾಯಿ ನನ್ನ ಬರಿಹಣೆಯನ್ನು ನೋಡಿದವಳೇ ಬಂದ ಕಾರಣ ಅರಿತಳು. ವಿಷದ ಬಾಟಲಿಗಳ ಕಪಾಟಿನ ಕೀಲಿ ತೆಗೆದು, ಬಿಳಿ ವಸ್ತ್ರದ ಗಂಟು ಹೊರಗೆಳೆದಳು. ಮೇಲೆ ನನ್ನ ಮಗಳ ಅಕ್ಷರದಲ್ಲಿ ಒಂದು ಚೀಟಿ: ಎಚ್ಚರಿಕೆ, ಮಚ್ಚೆ ಮೂಡಿಸುತ್ತದೆ. ನಾನು ನಗುತ್ತಿದ್ದಾಗ ಆಕೆ ನನ್ನ ತೋಳು ಹಿಡಿದು ನಿಲ್ಲಿಸಿ, ಉಳಿದ ಮರಿಗಳನ್ನೂ ಗೌರಿಯ ಗುರುಗಳು ಬೆಳಿಗ್ಗೆ ನೋಡಿ ಮುಗಿಸಿದರೆಂದು ಹೇಳಿದಳು. ಮುಂದಿನ ಮಾತನ್ನು ಎರಡು ಸಲ ಹೇಳಿಸಿಕೊಂಡೆ, ಕಿವಿಯ ಮೇಲೆ ನಂಬಿಕೆ ಸಾಲದೆ. ಆಮೇಲೆ ಆಸ್ಪತ್ರೆಯ ತನಕ ಈ ವಯಸ್ಸಿನಲ್ಲಿ ಹೆಚ್ಚು ಕಡಿಮೆ ಓಡಿದೆ. ಮೆಗ್ ಬಾಯಿ ಹಿಂದಿನಿಂದ ಏದುಸಿರು ಬಿಡುತ್ತ ಬಂದಳು.

"ಗೌರಿ, ಕಡೀ ಮರಿಗೋಳನ್ನೂ ನೋಡಿದ್ರಂತ. ಉಪ್ಪುನೀರಿನ ಗುಂಪಿಗೂ ಆ ಗುಂಪಿಗೂ ಏನೂ ಫರಕಿಲ್ಲಂತ. ಮೈ ಎಲ್ಲಾ ಕರ್ರಗ, ಸ್ವಚ್ಛ."

ಅವಳು ನನ್ನನ್ನೇ ನೋಡಿದಳು. ಮೆಗ್ ಬಾಯಿಯನ್ನು ನೋಡಿದಳು. ಆಕೆ ಹೌದೆಂದು ತಲೆಯಾಡಿಸಿದಳು. ಗೌರಿ ಬಲಗೈಯನ್ನು ಕಂಬಳಿಯ ಕೆಳಗಿನಿಂದ ಹೊರಗೆ ತೆಗೆದಳು. ಹೆರಿಗೆಯಾದಾಗಿನಿಂದ ಆ ಕೈಯಲ್ಲಿ ಅವಳು ಕೂಸನ್ನು ಮುಟ್ಟಿರಲಿಲ್ಲವೆಂದು ನನಗೆ ಆಗಲೇ ಗಮನಕ್ಕೆ ಬಂದದ್ದು. ಈಗ ಆ ಅಂಗೈಯನ್ನು ಕೂಸಿನ ಬೆನ್ನ ಕೆಳಗೆ ಇಟ್ಟಳು.

ಮೆಗ್ ಬಾಯಿ ಬಗ್ಗಿ ಕೂಸನ್ನು ನೋಡಿ, ಎಷ್ಟು ಚೆಂದ ಎಂದು ಉದ್ಗರಿಸಿದವಳು ಬಾಯಿಗೆ ಕೈ ಅಡ್ಡ ಹಿಡಿದು ನೀಲವ್ವನತ್ತ ತಿರುಗಿದಳು. ನೀಲವ್ವ ನಾನು ತಂದುಕೊಟ್ಟ ವಿಭೂತಿಯ ಗಂಟು ಹಿಡಿದುಕೊಂಡು ನಿಂತಿದ್ದಳು. ಕೇಳದೆ ಹಚ್ಚುವುದಿಲ್ಲವೆಂದು ಆಕೆ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದಳಂತೆ, ಆಮೇಲೆ ಹೇಳಿದಳು.

ಗೌರಿ ಖಣದ ಕುಂಚಿಗೆಯನ್ನು ಕೂಸಿನ ಹಣೆಯ ಮೇಲಿನಿಂದ ತಾನೇ ಸ್ವಲ್ಪ ಹಿಂದೆ ಸರಿಸಿದಳು.